ಪರದೆ ಹಸಿರಿದ್ದರೂ ಸಿಪ್ಪೆ ಹಿಂಡಿ ನೋಡಿ

ಕಬ್ಬು ನುರಿಸುವ ಹಂಗಾಮಿಗೆ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಸಕ್ಕರೆ ಕಾರ್ಖಾನೆಗಳಲ್ಲಿ ಪಾಳಿ ನೋಡಿಕೊಳ್ಳುವ ಎಲ್ಲರಿಗೂ ಈ ಸೂಚನೆ. ಉಗಾರದ ಕಾರ್ಖಾನೆ ಸ್ಥಾಪನೆಯಾದದ್ದು 1939ರಲ್ಲಿ. ಈ ಭಾಗಕ್ಕೆ ಗಾಣ ಹೊಸದಲ್ಲ, ಕಂಪ್ಯೂಟರ್ ಪರದೆ ಹೊಸದು. ಕಾಟಾದಿಂದ ಬಾಯ್ಲರ್‌ವರೆಗೆ ಪರದೆ ಬಂದ ಮೇಲೆ ಬರೆಯುವ ಕೆಲಸ ಇಳಿಯಬೇಕಿತ್ತು. ನಾನು ಕಂಡಲ್ಲೆಲ್ಲ ಏರಿದೆ.

ಗಾಣ ನಿಂತರೆ ಕಟಾವೂ ನಿಲ್ಲಬೇಕು. ಗಾಣ ನಿಲ್ಲಿಸಿದವರೇ ಕಟಾವು ಆರ್ಡರನ್ನೂ ತಡೆಯಬೇಕು. ಅದಕ್ಕೆ ಬೆಳಗಿನ ಮೀಟಿಂಗ್ ಕಾಯಬಾರದು. ರಾತ್ರಿ ಗಾಣ ಕೆಟ್ಟು ನಿಂತಿರುತ್ತದೆ, ಕಂಪ್ಯೂಟರ್ ಮಾತ್ರ ನಾಳೆಯ ಸ್ಲಿಪ್ಪುಗಳನ್ನು ಮೊಬೈಲಿಗೆ ಕಳಿಸುತ್ತಲೇ ಇರುತ್ತದೆ. ನಸುಕಿಗೆ ಗ್ಯಾಂಗ್ ಹೊಲಕ್ಕೆ ಇಳಿಯುತ್ತದೆ, ಮಧ್ಯಾಹ್ನಕ್ಕೆ ಯಾರ್ಡಿನ ಹೊರಗೆ ಟ್ರ್ಯಾಕ್ಟರುಗಳ ಸಾಲು. ಕಡಿದ ಕಬ್ಬು 24 ಗಂಟೆಯೊಳಗೆ ಗಾಣಕ್ಕೆ ಬೀಳಬೇಕು. ಬಿಸಿಲಲ್ಲಿ ನಿಂತರೆ ತೂಕ ಒಣಗಿ ರೈತನಿಗೆ ನಷ್ಟ, ಸಕ್ಕರೆ ಒಡೆದು ಕಾರ್ಖಾನೆಗೆ ನಷ್ಟ. ಮೊದಲ ಫೋನು ಮುಕಾದಮನಿಗೆ ಹೋಗಲಿ. ಸಾಹೇಬರಿಗೆ ಆಮೇಲೆ ಹೇಳಿದರೂ ನಡೆಯುತ್ತದೆ.

ನಾಟಿ ತಾರೀಖು ನೋಡಿ ಮಾತ್ರ ಆರ್ಡರ್ ಕೊಡಬಾರದು. ಬ್ರಿಕ್ಸ್ ಮೀಟರ್ ಹಿಡಿದು ಹೊಲಕ್ಕೆ ಹೋಗಿ.

ಪರದೆಯ ಅಂಕಿಯನ್ನು ಕೈಯಿಂದ ಪರೀಕ್ಷಿಸದೆ ನಂಬಬಾರದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನದೇ ಪಾಳಿ, ರಾತ್ರಿ ಎರಡು ಗಂಟೆ. ಕಾರ್ಖಾನೆಯ ಹೆಸರು ಬೇಡ. ಸಿಪ್ಪೆಯಲ್ಲಿ ಸಕ್ಕರೆ ಉಳಿಯುತ್ತಿದೆ, ಕೊನೆಯ ಗಾಣದ ಮುಂದೆ ಬಿಡುವ ಬಿಸಿನೀರು ಹೆಚ್ಚಿಸಿ ಎಂದು ಲ್ಯಾಬಿನವರು. ಸಿಪ್ಪೆ ಹಸಿಯಾಗಿ ಹಬೆ ಇಳಿಯುತ್ತಿದೆ, ನೀರು ಕಡಿಮೆ ಮಾಡಿ ಎಂದು ಬಾಯ್ಲರಿನವರು. ಇಬ್ಬರ ಲೆಕ್ಕವೂ ಸರಿಯೇ ಇತ್ತು. ಇಬ್ಬರೂ ವಾಟ್ಸಾಪ್ ಗುಂಪಿಗೆ ಪರದೆಯ ಫೋಟೊ ಹಾಕಿದರು, ಮೇಲಿನವರು ಎರಡಕ್ಕೂ ಹೆಬ್ಬೆರಳು ಎತ್ತಿದರು. ವಾಲ್ವ್ ಮುಟ್ಟಿದವರು ಯಾರೂ ಇಲ್ಲ. ಮುಕ್ಕಾಲು ಗಂಟೆ ಹೀಗೇ ಹೋಯಿತು.

ಕೆಳಗಿಳಿದು ಹೋದೆ. ಗಾಣದ ಬಳಿಯ ಹಿರಿಯ ಫಿಟ್ಟರ್ ಒಂದು ಹಿಡಿ ಸಿಪ್ಪೆ ತೆಗೆದು ಮುಷ್ಟಿ ಬಿಗಿದರು. ಬೆರಳ ಸಂದಿಯಿಂದ ನೀರು ಹನಿಯಿತು. "ಪರದೆ ಮ್ಯಾಲ ಎಲ್ಲಾ ಹಸರ ಐತ್ರಿ ಸಾಹೇಬ್ರ, ಸಿಪ್ಪಿ ಅಷ್ಟ ಹಸೀ ಐತಿ" ಅಂದರು. ಮೇಲಿನ ರೋಲರಿನ ಹೈಡ್ರಾಲಿಕ್ ಒತ್ತಡ ಬಿದ್ದುಹೋಗಿತ್ತು. ಹಿಂಡುವುದೇ ಸಡಿಲಾದ ಮೇಲೆ ಸಿಪ್ಪೆಯಲ್ಲಿ ಸಕ್ಕರೆಯೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ಸೆನ್ಸರ್ ಮಾತ್ರ ಹಿಂದಿನ ದಿನದ ಅಂಕಿಗೇ ಅಂಟಿಕೊಂಡು ಎಲ್ಲವೂ ಕ್ಷೇಮ ಎನ್ನುತ್ತಿತ್ತು. ನೀರು ಹೆಚ್ಚಿಸುವುದೂ ತಪ್ಪು, ಇಳಿಸುವುದೂ ತಪ್ಪು. ನಾವು ಜಗಳವಾಡುತ್ತಿದ್ದದ್ದು ಅವೆರಡರ ಬಗ್ಗೆ.

ಆದ್ದರಿಂದ ಪ್ರತಿ ಪಾಳಿಯಲ್ಲಿ ಎರಡು ಸಲ ಸಿಪ್ಪೆ ಹಿಂಡಿ ನೋಡಬೇಕು. ಅಂಕಿ ಗಂಟೆಗಟ್ಟಲೆ ಕದಲದಿದ್ದರೆ ಸೆನ್ಸರನ್ನೇ ಅನುಮಾನಿಸಬೇಕು. ಲ್ಯಾಬು, ಬಾಯ್ಲರು, ಗಾಣ ಮೂರರ ಮಾತು ಹೊಂದದಿದ್ದಾಗ ತೀರ್ಮಾನ ಪಾಳಿಯ ಎಂಜಿನಿಯರ್ ಒಬ್ಬರದೇ. ಅವರನ್ನು ಮರುದಿನ ಗುಂಪಿನಲ್ಲಿ ಎಲ್ಲರೆದುರು ಪ್ರಶ್ನಿಸಬಾರದು. ಒಮ್ಮೆ ಹಾಗೆ ಮಾಡಿದರೆ ಮುಂದೆ ರಾತ್ರಿಹೊತ್ತು ಯಾರೂ ವಾಲ್ವ್ ಮುಟ್ಟುವುದಿಲ್ಲ, ಫೋಟೊ ಅಷ್ಟೇ ಬರುತ್ತದೆ.

ಇದೆಲ್ಲ ಸಣ್ಣ ವಿಷಯ ಎನ್ನುವವರು ಲೆಕ್ಕ ಹಾಕಲಿ. ದಿನಕ್ಕೆ 5,000 ಟನ್ ನುರಿಸುವಲ್ಲಿ ಇಳುವರಿ ಶೇ. 10.5ರಿಂದ 10.4ಕ್ಕೆ ಇಳಿದರೆ ದಿನಕ್ಕೆ 50 ಕ್ವಿಂಟಲ್ ಸಕ್ಕರೆ ಹೋಯಿತು. ರೈತನ ಎಫ್‌ಆರ್‌ಪಿ ನಿಂತಿರುವುದೂ ಇಳುವರಿಯ ಮೇಲೆಯೇ: 2025–26ಕ್ಕೆ ಶೇ. 10.25 ಇಳುವರಿಗೆ ಕ್ವಿಂಟಲ್ ಕಬ್ಬಿಗೆ 355 ರೂಪಾಯಿ, ಅದರ ಮೇಲಿನ ಪ್ರತಿ 0.1ಕ್ಕೆ 3.46 ರೂಪಾಯಿ. ಟನ್ನಿಗೆ 34.60 ಆಯಿತು.

ಯಾರೂ ಎದ್ದು ಹೋಗಿ ನೋಡದ ಅಲಾರಾಂ ಇಟ್ಟುಕೊಳ್ಳಬಾರದು. ಬಜರ್ ಬಾಯಿಗೆ ಟೇಪ್ ಅಂಟಿಸಿದ್ದು ಕಂಡರೆ ಆಪರೇಟರನ್ನು ಬಯ್ಯಬೇಡಿ. ಎಷ್ಟು ಅಲಾರಾಂ ಸುಮ್ಮನೆ ಕೂಗುತ್ತಿವೆ ಎಂದು ಮೊದಲು ಎಣಿಸಿ.

ಕಾಟಾದ ವಿಷಯದಲ್ಲಿ ರಿಯಾಯಿತಿ ಇಲ್ಲ. ಗಾಡಿ ಹತ್ತುವ ಮುನ್ನ ಸೊನ್ನೆ ಇದೆಯೇ ಎಂದು ರೈತನಿಗೂ ಕಾಣುವಂತೆ ಪರದೆ ತಿರುಗಿಸಿಡಬೇಕು. ತೂಕದ ಅಂಕಿಯನ್ನು ಕೈಯಿಂದ ಟೈಪ್ ಮಾಡಬಾರದು. ನೆಟ್‌ವರ್ಕ್ ಇಲ್ಲ ಎಂದು ಗಾಡಿ ನಿಲ್ಲಿಸಬಾರದು, ಕಾಗದದ ಚೀಟಿ ಕೊಟ್ಟು ಒಳಗೆ ಬಿಡಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಬಿಲ್ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15 ಬಡ್ಡಿ. "ಸರ್ವರ್ ಡೌನ್ ಇತ್ತು" ಎಂಬ ವಿನಾಯಿತಿ ಅದರಲ್ಲಿ ಇಲ್ಲ.

ಒಂದೇ ಅಂಕಿಯನ್ನು ಲಾಗ್‌ಬುಕ್ಕಿಗೊಮ್ಮೆ, ಎಕ್ಸೆಲ್‌ಗೊಮ್ಮೆ, ಗುಂಪಿಗೊಮ್ಮೆ ಬರೆಸಬಾರದು. ಬೆಳಗಿನ ವರದಿಯ ಪ್ರತಿ ಕಾಲಂ ಮುಂದೆ, ಅದನ್ನು ನೋಡಿ ಕ್ರಮ ತೆಗೆದುಕೊಳ್ಳುವವರ ಹೆಸರು ಬರೆದಿರಬೇಕು. ಹೆಸರು ಸಿಗದ ಕಾಲಂಗಳನ್ನು ಬಾಯ್ಲರ್ ಪ್ರದೀಪನಕ್ಕೆ ಮೊದಲೇ ಅಳಿಸಿಬಿಡಿ.