ಅದ್ಭುತ ಕಥೆಗಳೂ ವಾಚಕರ ಬೇಸರವೂ

ಅದ್ಭುತರಸದ ಸ್ಥಾಯಿಭಾವವು ವಿಸ್ಮಯವೆಂದು ನಮ್ಮ ಲಾಕ್ಷಣಿಕರು ಹೇಳಿರುವರು. ವಿಸ್ಮಯಕ್ಕೆ ಒಂದು ಸ್ವಭಾವವುಂಟು. ಕಂಡುದನ್ನೇ ಮತ್ತೆ ಮತ್ತೆ ಕಂಡರೆ ಅದು ಕರಗಿಹೋಗುವುದು. ಹಾರುವ ಕುದುರೆಯ ಕಥೆಯನ್ನು ಮೊದಲ ಸಲ ಓದಿದ ಬಾಲಕನು ಊಟವನ್ನೂ ಮರೆಯುವನು. ಹತ್ತನೆಯ ಪುಸ್ತಕದಲ್ಲಿಯೂ ಅದೇ ಕುದುರೆ ಹಾರಿದರೆ ಪುಸ್ತಕವನ್ನು ಮುಚ್ಚಿಡುವನು.

ಇದನ್ನು ಅಲ್ಪವಿಷಯವೆಂದು ಬಗೆಯಲಾಗದು. ಲೇಪಾಕ್ಷಿಯಂತಹ ಗಡಿಯೂರಿನಲ್ಲಿ ಬೀದಿಯ ಮಾತು, ಅಂಗಡಿಯ ಫಲಕ, ಸಿನಿಮಾ ಬಹುಮಟ್ಟಿಗೆ ತೆಲುಗಿನವು. ಪಠ್ಯಪುಸ್ತಕದ ಹೊರಗೆ ಮಕ್ಕಳು ತಾವಾಗಿ ಕನ್ನಡ ಓದುವುದು ಕಥೆಗಾಗಿ. ಕಥೆಯೇ ಬೇಸರವಾದರೆ ಅದರೊಡನೆ ಕನ್ನಡದ ಓದೂ ನಿಂತುಹೋಗುವ ಭಯವುಂಟು.

ಈ ಬೇಸರವು ಇಂದಿನದಲ್ಲ. ರಾಮಾಯಣದ ಕವಿಗಳ ಹೊರೆಯಿಂದ ಆದಿಶೇಷನೇ ಬಳಲಿದನೆಂದು ಗದುಗಿನ ಕುಮಾರವ್ಯಾಸನು ವಿನೋದವಾಗಿ ನುಡಿದು, ತಾನು ಭಾರತವನ್ನು ಕೈಗೊಂಡನು. ಪಂಪ ರನ್ನರು ಭಾರತದ ಕಥೆಯನ್ನು ಮೊದಲೇ ಬಳಸಿದ್ದರಷ್ಟೆ. ಆದರೂ ಕೃಷ್ಣನನ್ನೇ ನಡುವಿಟ್ಟು ಹೇಳಿದ್ದರಿಂದ ಹಳೆಯ ವಸ್ತು ಅವನಲ್ಲಿ ಹೊಸದಾಯಿತು. ಸ್ಪೇನ್ ದೇಶದಲ್ಲಿ ವೀರಯೋಧರ ಅದ್ಭುತ ಕಥೆಗಳು ಮಿತಿಮೀರಿ ಬೆಳೆದಾಗ, ಅವನ್ನೇ ಓದಿ ಬುದ್ಧಿಗೆಟ್ಟ ಮುದುಕನೊಬ್ಬನ ಕಥೆಯನ್ನು ಸರ್ವಾಂಟಿಸನು 1605ರಲ್ಲಿ ಪ್ರಕಟಿಸಿದನು. ಅದೇ 'ಡಾನ್ ಕ್ವಿಕ್ಸೋಟ್'.

ನಮ್ಮ ಕಾಲಕ್ಕೆ ಬರೋಣ. 1997ರಿಂದ 2007ರವರೆಗೆ ಇಂಗ್ಲಿಷಿನಲ್ಲಿ ಏಳು ಸಂಪುಟಗಳಾಗಿ ಬಂದ 'ಹ್ಯಾರಿ ಪಾಟರ್' ಲೋಕದ ಮಕ್ಕಳನ್ನು ಸೆಳೆಯಿತು. ಬಳಿಕ ಅನುಕರಣದ ಪ್ರವಾಹ. ತಬ್ಬಲಿ ಬಾಲಕ, ಹುಟ್ಟಿಗೆ ಮೊದಲೇ ನುಡಿದ ಭವಿಷ್ಯವಾಣಿ, ಮಂತ್ರವಿದ್ಯೆಯ ಶಾಲೆ, ಕತ್ತಲೆಯ ಒಡೆಯ – ಹೆಸರು ಬೇರೆ, ಅಚ್ಚು ಒಂದೇ. ಮೂಲದ ಹೊರವೇಷವನ್ನು ಎರವಲು ತಂದರು; ತಾಯಿತಂದೆಯರನ್ನು ಕಳೆದುಕೊಂಡ ಮಗುವಿನ ಅಳಲನ್ನು ತರಲಿಲ್ಲ.

ಹಾಗಾದರೆ ಪುನರುಕ್ತಿಯೆಲ್ಲವೂ ದೋಷವೇ? ಅಲ್ಲ. ತೆಲುಗು ತಮಿಳುಗಳಲ್ಲಿ 1947ರಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೂ ಬಂದ 'ಚಂದಮಾಮ'ವು ಈಗ ನಿಂತುಹೋಗಿದೆ. ಅದರ ಬೇತಾಳ ಕಥೆಗಳನ್ನು ಹಿರಿಯರು ಇಂದಿಗೂ ನೆನೆಯುವರು. ಅಲ್ಲಿ ಶವ, ಮರ, ಹೊತ್ತು ನಡೆವ ರಾಜ ಎಲ್ಲವೂ ಪ್ರತಿಸಲವೂ ಅವೇ. ಆದರೆ ಕೊನೆಗೊಂದು ಹೊಸ ಧರ್ಮಸಂಕಟವಿರುತ್ತಿತ್ತು. ಓದುವವನು ರಾಜನಿಗಿಂತ ಮೊದಲೇ ಉತ್ತರಿಸಲು ಹವಣಿಸುತ್ತಿದ್ದನು. ಚೌಕಟ್ಟು ಹಳೆಯದಾದರೂ ಪ್ರಶ್ನೆ ಹೊಸದಾಗಿದ್ದರೆ ಬೇಸರವು ಸುಳಿಯದು.

ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯೂ ಇದಕ್ಕೆ ನಿದರ್ಶನ. ರಾಜನೂ ಅವನ ತಾಯಿಯೂ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟು, ನವಿಲೂ ನಾಯಿಯೂ ಆಗಿ ಹುಟ್ಟುವರು. ಇದು ಅದ್ಭುತವೇ ಸರಿ; ಆದರೆ ಬರಿಯ ಬೆರಗಿಗಾಗಿ ಬಂದುದಲ್ಲ. ಮನಸ್ಸಿನಲ್ಲಿ ಮಾಡಿದ ಹಿಂಸೆಗೂ ಫಲವುಂಟೆಂಬ ಮಾತು ಆ ಜನ್ಮಾಂತರಗಳಿಂದಲೇ ನಮ್ಮ ಎದೆಗೆ ತಾಗುವುದು.

ನಮ್ಮೂರ ವೀರಭದ್ರ ದೇವಾಲಯವೂ ಇದೇ ಪಾಠವನ್ನು ಹೇಳುವುದು. ನೆಲಕ್ಕೆ ಪೂರ್ತಿ ಊರದ ಕಂಬದ ಅಡಿಯಲ್ಲಿ ಬಟ್ಟೆಯನ್ನು ಹಾಯಿಸಿ ನೋಡಿ, ಅಷ್ಟಕ್ಕೇ ತೃಪ್ತರಾಗಿ ಮರಳುವ ಯಾತ್ರಿಕರುಂಟು. ಆ ಬೆರಗು ಕ್ಷಣಕಾಲದ್ದು. ತಲೆಯೆತ್ತಿ ಛಾವಣಿಯ ಕಿರಾತಾರ್ಜುನೀಯ ಚಿತ್ರವನ್ನು ನೋಡಿದವನು ಬೇಗ ಕದಲನು. ಆ ಕಥೆಯನ್ನು ಅವನು ಮೊದಲೇ ಬಲ್ಲನು. ಬಲ್ಲುದನ್ನೇ ಹೊಸದಾಗಿ ಕಾಣುವನು. ಲತಾಮಂಟಪದ ಕಂಬಗಳ ಸಾಲನ್ನೂ ನೋಡಿರಿ. ಸಾಲು ಒಂದು, ಕೆತ್ತನೆಯ ವಿನ್ಯಾಸಗಳು ಹಲವು.

ಆದುದರಿಂದ, ವಿದ್ಯಾರ್ಥಿಗಳೇ, ಕಥೆಯನ್ನು ಓದುವಾಗಲೂ ಬರೆಯುವಾಗಲೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಮಾಯೆಯನ್ನು ತೆಗೆದುಹಾಕಿದರೆ ಈ ಕಥೆಗೆ ಕೊರತೆಯುಂಟಾಗುವುದೇ? ನಾಯಕನು ಆ ಶಕ್ತಿಗಾಗಿ ಏನನ್ನಾದರೂ ತೆತ್ತನೇ? ಇದರಲ್ಲಿ ಬೇರೆಲ್ಲಿಯೂ ಕಾಣದ ಒಂದು ಸಂಗತಿಯಾದರೂ ಇದೆಯೇ? ಮೂರಕ್ಕೂ ಇಲ್ಲವೆಂದೇ ಉತ್ತರ ಬಂದರೆ, ನಿಮಗಾದ ಬೇಸರವು ಸೋಮಾರಿತನವಲ್ಲ, ಅಭಿರುಚಿಯು ಬೆಳೆಯುತ್ತಿರುವ ಗುರುತು. ಆ ಪುಸ್ತಕವನ್ನು ನಿಸ್ಸಂಕೋಚವಾಗಿ ಕೆಳಗಿಡಿರಿ. ಆದರೆ ಬರಿಗೈಯಲ್ಲಿ ಏಳಬೇಡಿರಿ, ಕಪಾಟಿನಿಂದ ಮತ್ತೊಂದು ಕನ್ನಡ ಪುಸ್ತಕವನ್ನು ತೆಗೆದುಕೊಳ್ಳಿರಿ. ಅಂತಹ ಮತ್ತೊಂದು ಪುಸ್ತಕವು ಕಪಾಟಿನಲ್ಲಿ ಇರುವಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮೆಲ್ಲರ ಹೊಣೆ.