ಡ್ಯಾನ್ಯೂಬ್ ದಡದಲ್ಲಿ ಒಬ್ಬರೇ: ಪಸ್ಸಾವ್‌ನಿಂದ ವಿಯೆನ್ನಾಕ್ಕೆ ಸೈಕಲ್ ದಾರಿ

ಯೂರೋಪಿನಲ್ಲಿ ಒಬ್ಬರೇ ಸೈಕಲ್ ಪ್ರವಾಸ ಮಾಡಬೇಕೆಂದುಕೊಂಡವರು ಮೊದಲು ಹಾಕುವ ಲೆಕ್ಕ, ದಿನಕ್ಕೆ ಎಷ್ಟು ಕಿಲೋಮೀಟರ್ ತುಳಿಯಬಹುದು ಎಂಬುದು. ಅದು ಎರಡನೆಯ ಲೆಕ್ಕವಾಗಲಿ. ತುಳಿಯಲಾಗದ ದಿನ ಏನು ಮಾಡುತ್ತೀರಿ ಎಂಬುದನ್ನು ಮೊದಲು ಯೋಚಿಸಿ. ಮಂಡಿ ಹಿಡಿದುಕೊಳ್ಳಬಹುದು, ಮಳೆ ಬಿಡದೆ ಸುರಿಯಬಹುದು, ಏನೂ ಕಾರಣವಿಲ್ಲದೆ ಬೇಸರವೂ ಬರಬಹುದು. ಜೊತೆಗೆ ಒಬ್ಬರಿದ್ದರೆ ಹೇಗೋ ದೂಡಬಹುದು. ಒಂಟಿ ಸವಾರರಿಗೆ ಬೇಕಾದದ್ದು ನಡುನಡುವೆ ಕೈಬಿಡಲು ಅವಕಾಶವಿರುವ ದಾರಿ. ಆ ದೃಷ್ಟಿಯಿಂದ ಡ್ಯಾನ್ಯೂಬ್ ನದಿಯ ಪಸ್ಸಾವ್–ವಿಯೆನ್ನಾ ಭಾಗಕ್ಕೆ ಸಾಟಿ ಕಡಿಮೆ. ಐದಾರು ಕಿಲೋಮೀಟರ್‌ಗೊಂದು ಊರು, ಬಹುಪಾಲು ಎರಡೂ ದಡದಲ್ಲಿ ಡಾಂಬರಿನ ಸೈಕಲ್ ದಾರಿ, ದಡ ಬದಲಿಸಲು ಸೇತುವೆ, ಅಣೆಕಟ್ಟು, ದೋಣಿ.

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಹುಟ್ಟುವ ಡ್ಯಾನ್ಯೂಬ್ ಹತ್ತು ದೇಶಗಳನ್ನು ಮುಟ್ಟಿ, ಸುಮಾರು 2,850 ಕಿ.ಮೀ. ಹರಿದು ಕಪ್ಪು ಸಮುದ್ರ ಸೇರುತ್ತದೆ. ಅಟ್ಲಾಂಟಿಕ್ ಕರಾವಳಿಯಿಂದ ಕಪ್ಪು ಸಮುದ್ರದವರೆಗಿನ 'ಯೂರೋವೆಲೋ 6' ಸೈಕಲ್ ಮಾರ್ಗದ ದೊಡ್ಡ ಭಾಗ ಇದರ ದಡದಲ್ಲೇ ಇದೆ. ನಾವು ಇಲ್ಲಿ ನೋಡುತ್ತಿರುವುದು ಜರ್ಮನಿಯ ಗಡಿ ಊರು ಪಸ್ಸಾವ್‌ನಿಂದ ಆಸ್ಟ್ರಿಯಾದ ರಾಜಧಾನಿವರೆಗಿನ ಸುಮಾರು 320 ಕಿ.ಮೀ. ಮಾತ್ರ. ಮೊದಲ ಸಲಕ್ಕೆ ಇಷ್ಟು ಸಾಕು.

ಯಾವಾಗ, ಯಾವ ದಿಕ್ಕಿಗೆ

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋಗಬಹುದು. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ತಡವಾದರೂ ಗಾಬರಿಯಿಲ್ಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜನವೂ ಜಾಸ್ತಿ. ನನ್ನನ್ನು ಕೇಳಿದರೆ ಮೇ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರ. ಆದರೆ ಯಾವ ತಿಂಗಳಾದರೂ ನದಿಯ ಮಟ್ಟ ವಿಚಾರಿಸದೆ ಹೊರಡಬೇಡಿ. 2013ರ ಜೂನ್‌ನಲ್ಲಿ ಪಸ್ಸಾವ್ ಪಟ್ಟಣ ಮುಳುಗಿತ್ತು, 2024ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾ ಸುತ್ತಲ ಪ್ರಾಂತ್ಯದಲ್ಲಿ ಭಾರೀ ಪ್ರವಾಹ ಬಂತು. ನೀರು ಏರಿದಾಗ ಮೊದಲು ಮುಳುಗುವುದೇ ನದಿಗೆ ಅಂಟಿಕೊಂಡ ಸೈಕಲ್ ದಾರಿ.

ದಿಕ್ಕು ಮಾತ್ರ ಪಶ್ಚಿಮದಿಂದ ಪೂರ್ವಕ್ಕೇ ಇರಲಿ. ನದಿ ಹರಿವ ಕಡೆಗೇ ಹೋಗುವುದರಿಂದ ಇಳಿಜಾರು ಸಿಗುತ್ತದೆ ಎಂಬ ನಂಬಿಕೆ ಬೇಡ. ಇಷ್ಟು ದೂರಕ್ಕೆ ನದಿ ಇಳಿಯುವುದು 150 ಮೀಟರ್‌ಗೂ ಕಡಿಮೆ. ನಿಜವಾದ ಲಾಭ ಗಾಳಿಯದು. ಈ ಕಣಿವೆಯಲ್ಲಿ ಹೆಚ್ಚಾಗಿ ಪಶ್ಚಿಮದ ಗಾಳಿ ಬೀಸುತ್ತದೆ. ಬೆನ್ನಿಗೆ ಬಂದರೆ ಅದರ ಬೆಲೆ ತಿಳಿಯುವುದಿಲ್ಲ, ಎದುರಿಗೆ ಬಂದ ದಿನ ತಿಳಿಯುತ್ತದೆ.

ವೀಸಾ ಮತ್ತು ಕಾಗದಪತ್ರ

ಷೆಂಗೆನ್ ವೀಸಾಕ್ಕೆ ಹೊರಡುವ ದಿನಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ, ಅಷ್ಟು ತಡ ಮಾಡುವುದು ಹುಂಬತನ. ಅರ್ಜಿ ಹಾಕಬೇಕಾದ್ದು ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ. ಸೈಕಲ್ ಏರುವುದು ಜರ್ಮನಿಯಲ್ಲಾದರೂ ರಾತ್ರಿಗಳು ಹೆಚ್ಚು ಕಳೆಯುವುದು ಆಸ್ಟ್ರಿಯಾದಲ್ಲಿ, ಹಾಗಾಗಿ ಆಸ್ಟ್ರಿಯಾ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ಆ ವಿಮೆ ಸೈಕಲ್ ಅಪಘಾತವನ್ನು ಹೊರಗಿಟ್ಟಿದೆಯೇ ಎಂದು ಸಣ್ಣಕ್ಷರಗಳನ್ನು ಓದಿ ನೋಡಿ.

ಒಂದು ಇಕ್ಕಟ್ಟಿದೆ. ವೀಸಾ ಅರ್ಜಿಗೆ ಪ್ರತಿ ರಾತ್ರಿಯ ವಸತಿಯ ದಾಖಲೆ ಬೇಕು, ಒಂಟಿ ಸವಾರನಿಗೆ ಅಂದಂದಿನ ಸ್ವಾತಂತ್ರ್ಯ ಬೇಕು. ಹಣ ಕಳೆಯದೆ ರದ್ದು ಮಾಡಬಹುದಾದ ಕೋಣೆಗಳನ್ನೇ ಕಾಯ್ದಿರಿಸಿ, ದೂರಗಳನ್ನು ಸ್ವಲ್ಪ ಕಡಿಮೆಯೇ ಹಿಡಿಯಿರಿ. ದಿನಕ್ಕೆ 45–50 ಕಿ.ಮೀ. ಹಿಡಿದರೆ ವಿಯೆನ್ನಾ ಏಳು ದಿನದ ದಾರಿ. ಮೂರು ದಿನದಲ್ಲಿ ಮುಗಿಸುವವರೂ ಇದ್ದಾರೆ. ಅವರು ನೋಡುವುದು ಹೆಚ್ಚಾಗಿ ಹ್ಯಾಂಡಲ್ಲನ್ನು.

ಸೈಕಲ್: ಒಯ್ಯಬೇಡಿ, ಅಲ್ಲೇ ಬಾಡಿಗೆಗೆ ಹಿಡಿಯಿರಿ

ನಿಮ್ಮ ಸೈಕಲ್ಲನ್ನು ಬಿಚ್ಚಿ, ಡಬ್ಬಕ್ಕೆ ತುಂಬಿ ವಿಮಾನಕ್ಕೆ ಏರಿಸುವ ಪಾಡು ಈ ಚಿಕ್ಕ ಪ್ರವಾಸಕ್ಕೆ ಬೇಡ. ಪಸ್ಸಾವ್‌ನಲ್ಲಿ ಬಾಡಿಗೆಗೆ ಪಡೆದು ವಿಯೆನ್ನಾದಲ್ಲಿ ಒಪ್ಪಿಸುವ ವ್ಯವಸ್ಥೆ ಇದೆ. ಸಾಮಾನನ್ನು ವಸತಿಯಿಂದ ವಸತಿಗೆ ಗಾಡಿಯಲ್ಲಿ ಮುಟ್ಟಿಸುವವರೂ ಇದ್ದಾರೆ. ಒಬ್ಬರೇ ಇದ್ದಾಗ ಅದು ದುಬಾರಿ, ಮೇಲಾಗಿ ಆ ದಿನ ಆ ಊರನ್ನು ಮುಟ್ಟಲೇಬೇಕಾಗುತ್ತದೆ. ಕ್ಯಾರಿಯರ್‌ನ ಎರಡೂ ಬದಿಗೆ ನೀರಿಳಿಯದ ಚೀಲ ನೇತುಹಾಕಿ, ಏಳೆಂಟು ಕಿಲೋದಲ್ಲಿ ಮುಗಿಸಿ.

ಮ್ಯೂನಿಕ್‌ವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ರೈಲಿನಲ್ಲಿ ಪಸ್ಸಾವ್ ತಲುಪಬಹುದು. ಅಂಗಡಿಯಲ್ಲಿ ಸೈಕಲ್ ಕೈಗೆ ಬಂದ ಕೂಡಲೇ ಬ್ರೇಕ್ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ. ಅಲ್ಲಿ ಮುಂದಿನ ಚಕ್ರದ್ದು ಎಡಗೈಗೆ. ಗಾಬರಿಯಲ್ಲಿ ಎಡಗೈಯನ್ನು ಬಲವಾಗಿ ಹಿಡಿದರೆ ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತೀರಿ. ಕೆಲವು ಬಾಡಿಗೆ ಸೈಕಲ್‌ಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೂ ಬ್ರೇಕ್ ಬೀಳುತ್ತದೆ. ಸುಮ್ಮನೆ ಹಿಂದಕ್ಕೆ ಪೆಡಲ್ ತಿರುಗಿಸುವ ಅಭ್ಯಾಸದವರು ತಟಕ್ಕನೆ ನಿಂತುಬಿಡುತ್ತಾರೆ. ಸಂಚಾರ ಬಲಗಡೆ ಎಂಬುದು ಬೇಗ ರೂಢಿಯಾಗುತ್ತದೆ, ಎಡಕ್ಕೆ ತಿರುಗುವಾಗ ಮಾತ್ರ ಎದುರಿನ ವಾಹನ ನೆನಪಿರಲಿ. ಅಂಗಡಿ ಪಕ್ಕದ ಗಲ್ಲಿಯಲ್ಲಿ ಅರ್ಧ ಗಂಟೆ ಸುತ್ತಿಯೇ ಹೊರಡಿ. ಟ್ಯೂಬಿನ ವಾಲ್ವ್ ಯಾವ ಬಗೆಯದು, ಕೊಟ್ಟ ಪಂಪು ಅದಕ್ಕೆ ಕೂರುತ್ತದೆಯೇ ಎಂಬುದನ್ನೂ ಅಲ್ಲೇ ಪರೀಕ್ಷಿಸಿ.

ತಯಾರಿಗೆ ನಂದಿ ಬೆಟ್ಟ ಹತ್ತಬೇಕಾಗಿಲ್ಲ. ಇಲ್ಲಿ ನೋಯುವುದು ತೊಡೆಗಿಂತ ಕೂರುವ ಜಾಗ. ಬೆನ್ನುಬೆನ್ನಿಗೆ ಎರಡು ಮೂರು ದಿನ 50 ಕಿ.ಮೀ. ತುಳಿದು, ಮರುದಿನ ಸೀಟಿನ ಮೇಲೆ ಕೂರಲು ಮನಸ್ಸಾಗುತ್ತದೆಯೇ ನೋಡಿಕೊಳ್ಳಿ.

ದಿನದ ದೊಡ್ಡ ತೀರ್ಮಾನ: ಯಾವ ದಡ?

ದಾರಿ ತಪ್ಪುವ ಭಯ ಬೇಡ. ನೀಲಿ ಫಲಕದ ಮೇಲೆ ನಕ್ಷತ್ರಗಳ ನಡುವೆ '6' ಎಂದಿರುತ್ತದೆ. ಅದಲ್ಲದೆ ನದಿಗೇ ಕಿಲೋಮೀಟರ್ ಫಲಕಗಳಿವೆ. ಅವನ್ನು ಸಮುದ್ರದ ಕಡೆಯಿಂದ ಎಣಿಸಿರುವುದರಿಂದ ನೀವು ಮುಂದೆ ಹೋದಂತೆ ಸಂಖ್ಯೆ ಇಳಿಯುತ್ತದೆ: ಪಸ್ಸಾವ್ ಹತ್ತಿರ 2,226, ವಿಯೆನ್ನಾದಲ್ಲಿ 1,929ರ ಸುಮಾರು. ಮೊಬೈಲ್ ನಕ್ಷೆ ಕೈಕೊಟ್ಟಾಗಲೂ, ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ ಎಲ್ಲಿದ್ದೇನೆಂದು ಹೇಳಬೇಕಾದಾಗಲೂ ಈ ಅಂಕಿ ಮತ್ತು ಯಾವ ದಡ ಎಂಬುದು ಸಾಕು. ಬೆಳಿಗ್ಗೆ ನಿರ್ಧರಿಸಬೇಕಾದ್ದು ಒಂದೇ, ಉತ್ತರ ದಡವೋ ದಕ್ಷಿಣ ದಡವೋ.

*ಪಸ್ಸಾವ್–ಶ್ಲೋಗೆನ್–ಲಿಂಟ್ಸ್ (ಎರಡು ದಿನ).* ಡ್ಯಾನ್ಯೂಬ್, ಇನ್, ಇಲ್ಟ್ಸ್ ಮೂರೂ ನದಿ ಕೂಡುವ ಜಾಗದಿಂದ ಹೊರಟರೆ ಕಾಡಿನ ಕಣಿವೆ. ಶ್ಲೋಗೆನ್ ಬಳಿ ಗಟ್ಟಿ ಕಲ್ಲಿನ ಬೆಟ್ಟಕ್ಕೆ ಸಿಕ್ಕಿ ನದಿ ಪೂರ್ತಿ ಹಿಂದಕ್ಕೆ ತಿರುಗುತ್ತದೆ. ಸೈಕಲ್ ಕೆಳಗೆ ಬೀಗ ಹಾಕಿಟ್ಟು ಅರ್ಧ ತಾಸು ಬೆಟ್ಟ ಹತ್ತಿ ಮೇಲಿನಿಂದ ನೋಡಿ. ಇಲ್ಲಿ ಉತ್ತರ ದಡದ ಸೈಕಲ್ ದಾರಿ ನಡುವೆ ಕಡಿದುಹೋಗುತ್ತದೆ, ದೋಣಿಯಿಲ್ಲದೆ ಮುಂದೆ ಹೋಗಲಾಗದು. ಅದಕ್ಕೇ ದೋಣಿಯ ಕೊನೆಯ ಸಮಯ ಹಿಂದಿನ ರಾತ್ರಿಯೇ ಕೇಳಿಕೊಂಡಿರಿ. ಇನ್ನೊಂದು ಮಾತು: ಇಡೀ ದಾರಿಯಲ್ಲಿ ಕೈಬಿಡುವುದು ಕಷ್ಟವಾದ ಭಾಗ ಇದೊಂದೇ. ಪಸ್ಸಾವ್–ಲಿಂಟ್ಸ್ ರೈಲು ನದಿ ಬಿಟ್ಟು ವೆಲ್ಸ್ ಪಟ್ಟಣದ ಕಡೆಯಿಂದ ಸಾಗುತ್ತದೆ. ಬೇಸಿಗೆಯ ಪ್ರಯಾಣಿಕ ಹಡಗೇ ಇಲ್ಲಿ ಆಸರೆ. ಒಟ್ಟೆನ್ಸ್‌ಹೈಮ್ ಮುಟ್ಟಿದರೆ ಲಿಂಟ್ಸ್‌ಗೆ ಸ್ಥಳೀಯ ರೈಲು ಸಿಗುತ್ತದೆ.

*ಲಿಂಟ್ಸ್–ಗ್ರೈನ್.* ಉತ್ತರ ದಡ ಹಿಡಿದರೆ ಮೌತ್‌ಹೌಸೆನ್. ಊರ ಮೇಲಿನ ಗುಡ್ಡದಲ್ಲಿ 1938ರಿಂದ 1945ರವರೆಗೆ ನಾಜಿಗಳ ಯಾತನಾ ಶಿಬಿರವಿತ್ತು. ಅಲ್ಲಿ ಮತ್ತು ಅದರ ಉಪಶಿಬಿರಗಳಲ್ಲಿ ಸುಮಾರು 1,90,000 ಜನರನ್ನು ಕೂಡಿಹಾಕಿದ್ದರು, ಕನಿಷ್ಠ 90,000 ಜನ ಸತ್ತರು. ಕೈದಿಗಳು ಗ್ರಾನೈಟ್ ಬಂಡೆಗಳನ್ನು ಹೊತ್ತು ಹತ್ತಬೇಕಾಗಿದ್ದ 186 ಮೆಟ್ಟಿಲುಗಳ ಕ್ವಾರಿಯೂ ಅಲ್ಲಿಯೇ ಇದೆ. ಪ್ರವೇಶ ಉಚಿತ, ಏರು ಕಡಿದಾಗಿದೆ. ನೋಡುವುದಾದರೆ ಅರ್ಧ ದಿನ ಎತ್ತಿಡಿ, ಆ ದಿನ ಹೆಚ್ಚು ದೂರ ಹಾಕಿಕೊಳ್ಳಬೇಡಿ. ಹತ್ತು ನಿಮಿಷದಲ್ಲಿ ಮುಗಿಸಿ ಮತ್ತೆ ಪೆಡಲ್ ತುಳಿಯುವ ಜಾಗವಲ್ಲ ಅದು.

*ಗ್ರೈನ್–ಮೆಲ್ಕ್.* ಗ್ರೈನ್ ದಾಟಿದ ಮೇಲೆ ಉತ್ತರ ದಡದಲ್ಲಿ ವಾಹನಗಳ ಸದ್ದು, ದಕ್ಷಿಣ ದಡ ಶಾಂತ. ಇಪ್ಸ್ ಬಳಿಯ ಅಣೆಕಟ್ಟಿನ ಮೇಲೆ ಸೈಕಲ್ ತಳ್ಳಿಕೊಂಡು ದಡ ಬದಲಿಸಬಹುದು. ಮೆಲ್ಕ್‌ನ ಬೆಟ್ಟದ ಮೇಲಿನ ಹಳದಿ ಬಣ್ಣದ ಬೆನೆಡಿಕ್ಟೈನ್ ಮಠ 1089ರಿಂದ ಇದೆ. ಈಗ ಕಾಣುವ ಕಟ್ಟಡ 18ನೇ ಶತಮಾನದ್ದು.

*ಮೆಲ್ಕ್–ಕ್ರೆಮ್ಸ್.* ಬರೀ 35 ಕಿ.ಮೀ. ಆಸುಪಾಸು, ಆದರೂ ಇಡೀ ದಿನ ಇದಕ್ಕೇ ಕೊಡಿ. ವಾಖಾವ್ ಎಂಬ ಈ ಕಣಿವೆ 2000ರಲ್ಲಿ ಯುನೆಸ್ಕೊ ವಿಶ್ವ ಪಾರಂಪರಿಕ ತಾಣವಾಯಿತು. ಬೆಟ್ಟದ ಮೈಗೆ ಕಲ್ಲು ಕಟ್ಟಿದ ದ್ರಾಕ್ಷಿ ತಾಕುಗಳು, ಕೆಳಗೆ ಏಪ್ರಿಕಾಟ್ ತೋಟಗಳು. ಜುಲೈನಲ್ಲಿ ಹೋದರೆ ದಾರಿ ಬದಿಯಲ್ಲೇ ಹಣ್ಣು ಸಿಗುತ್ತದೆ. ಆಸ್ಟ್ರಿಯಾದ ಡ್ಯಾನ್ಯೂಬ್‌ನ ಬಹುಭಾಗ ಅಣೆಕಟ್ಟುಗಳ ಹಿನ್ನೀರು. ನದಿ ತಡೆಯಿಲ್ಲದೆ ಹರಿಯುವ ಎರಡು ಭಾಗಗಳಲ್ಲಿ ವಾಖಾವ್ ಒಂದು, ಇನ್ನೊಂದು ವಿಯೆನ್ನಾದ ಪೂರ್ವಕ್ಕೆ.

ದಡದ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರವಿಲ್ಲ. ಉತ್ತರ ದಡದಲ್ಲಿ ವಿಲ್ಲೆಂಡಾರ್ಫ್ ಇದೆ. 1908ರಲ್ಲಿ ಅಲ್ಲಿ ಸಿಕ್ಕ, 11 ಸೆಂ.ಮೀ. ಎತ್ತರದ ಆದಿಮಾನವರ ಕಾಲದ ಸ್ತ್ರೀಮೂರ್ತಿ ಜಗತ್ಪ್ರಸಿದ್ಧ. ಊರಿನಲ್ಲಿರುವುದು ಪ್ರತಿಕೃತಿ, ಮೂಲ ವಿಯೆನ್ನಾದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಮೂಲವನ್ನು ಹೇಗೂ ವಿಯೆನ್ನಾದಲ್ಲಿ ನೋಡುವಿರಾದರೆ ದಕ್ಷಿಣ ದಡದ ತೋಟಗಳ ನಡುವೆಯೇ ಹೋಗಿ, ಆರ್ನ್ಸ್‌ಡಾರ್ಫ್‌ನಲ್ಲಿ ದೋಣಿ ಹಿಡಿದು ಸ್ಪಿಟ್ಸ್‌ಗೆ ದಾಟಿ. ಸಿಗಂದೂರಿನ ಲಾಂಚ್ ಹತ್ತಿದವರಿಗೆ ಇದು ಹೊಸದೆನಿಸದು, ಆದರೆ ಇದಕ್ಕೆ ಎಂಜಿನ್ ಇಲ್ಲ. ನದಿಗೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಕಟ್ಟಿ ಓರೆಯಾಗಿ ನಿಲ್ಲಿಸುತ್ತಾರೆ, ಹರಿವ ನೀರೇ ಅದನ್ನು ಆಚೆ ದಡಕ್ಕೆ ದೂಡುತ್ತದೆ. ಸ್ಪಿಟ್ಸ್‌ನಿಂದ ಮುಂದೆ ಉತ್ತರ ದಡವೇ ಸರಿ: ವೈಸೆನ್‌ಕಿರ್ಖೆನ್, ಆಮೇಲೆ ಡ್ಯೂರ್ನ್‌ಸ್ಟೈನ್. ಇಂಗ್ಲೆಂಡಿನ ದೊರೆ ಒಂದನೆಯ ರಿಚರ್ಡ್‌ನನ್ನು 1192ರಲ್ಲಿ ಸೆರೆಯಿಟ್ಟ ಪಾಳುಕೋಟೆ ಅದರ ನೆತ್ತಿಯ ಮೇಲಿದೆ. ದಾರಿಯುದ್ದಕ್ಕೂ ವೈನ್ ಸವಿಯಲು ಕರೆಯುವವರಿದ್ದಾರೆ. ಆಸ್ಟ್ರಿಯಾದಲ್ಲಿ ಸೈಕಲ್ ಸವಾರರಿಗೂ ಮದ್ಯದ ಮಿತಿಯಿದೆ, ಮೀರಿದರೆ ದಂಡ ಭಾರೀ.

*ಕ್ರೆಮ್ಸ್–ಟುಲ್ನ್–ವಿಯೆನ್ನಾ (ಎರಡು ದಿನ).* ಬಯಲು, ಉದ್ದನೆಯ ನೇರ ದಾರಿ, ಸ್ವಲ್ಪ ನೀರಸ. ದಕ್ಷಿಣ ದಡದ ಜ್ವೆಂಟೆನ್‌ಡಾರ್ಫ್‌ನಲ್ಲಿ ಒಮ್ಮೆಯೂ ಶುರುವಾಗದ ಅಣು ವಿದ್ಯುತ್ ಸ್ಥಾವರ ನಿಂತಿದೆ. ಕಟ್ಟಿ ಮುಗಿಸಿದ ಮೇಲೆ 1978ರ ಜನಮತಗಣನೆಯಲ್ಲಿ ಕೂದಲೆಳೆಯ ಅಂತರದಲ್ಲಿ ಜನ ಬೇಡ ಎಂದರು. ಬೇಸರವಾದರೆ ಟುಲ್ನ್‌ನಿಂದ ರೈಲು ಹತ್ತಿ, ಯಾರೂ ಕೇಳುವುದಿಲ್ಲ. ಸೈಕಲ್‌ಗೆ ಬೇರೆ ಟಿಕೆಟ್ ತೆಗೆಯಬೇಕು, ದೂರದ ರೈಲುಗಳಲ್ಲಾದರೆ ಅದಕ್ಕೆ ಜಾಗವನ್ನೂ ಕಾಯ್ದಿರಿಸಬೇಕು.

ಊಟ, ಮಲಗುವುದು

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಕೇಳಿಯೇ ತಿನ್ನಬೇಕು. ಚೀಸ್ ಬೆರೆಸಿದ ಹಿಟ್ಟಿನ ತಿನಿಸು ಕೇಸೆಸ್ಪೆಟ್ಸ್‌ಲೆ ಹೊಟ್ಟೆ ತುಂಬಿಸುತ್ತದೆ, ಅದರಲ್ಲಿ ಮೊಟ್ಟೆಯಿರುತ್ತದೆ. ಏಪ್ರಿಕಾಟ್ ತುಂಬಿದ ಕಡುಬು ವಾಖಾವ್‌ನಲ್ಲಿ ತಿನ್ನಲೇಬೇಕು. ಮೋಸ ಮಾಡುವುದು ಸೂಪು: ತರಕಾರಿಯಂತೆ, ದೋಸೆ ಚೂರಿನಂತೆ ಕಂಡರೂ ತಿಳಿಸಾರು ಹೆಚ್ಚಾಗಿ ದನದ ಮಾಂಸದ್ದು. ಸಲಾಡ್ ಮೇಲೂ ಹಂದಿಮಾಂಸದ ಚೂರು ಉದುರಿಸಿರುತ್ತಾರೆ. 'ಓನೆ ಫ್ಲೈಶ್', ಅಂದರೆ ಮಾಂಸವಿಲ್ಲದೆ ಎಂದು ಹೇಳಿ, ಸಾರಿನ ಬಗ್ಗೆ ಬೇರೆಯಾಗಿಯೇ ವಿಚಾರಿಸಿ.

ಭಾನುವಾರ ಸೂಪರ್‌ಮಾರ್ಕೆಟ್‌ಗಳು ಬಾಗಿಲು ಹಾಕಿರುತ್ತವೆ, ದೊಡ್ಡ ರೈಲು ನಿಲ್ದಾಣದ ಅಂಗಡಿಗಳ ಹೊರತು. ಶನಿವಾರವೇ ಬ್ರೆಡ್, ಬಾಳೆಹಣ್ಣು, ಚೀಸ್ ಕೊಂಡಿಡಿ. ನಲ್ಲಿ ನೀರು ಕುಡಿಯಬಹುದು. ದೋಣಿಯವರಿಗೂ ಸಣ್ಣ ಊಟದ ಮನೆಗಳಿಗೂ ಚಿಲ್ಲರೆ ನೋಟು ಬೇಕಾಗುತ್ತದೆ, ಕಾರ್ಡ್ ಒಂದನ್ನೇ ನಂಬಬೇಡಿ.

ತಂಗಲು ಗಾಸ್ಟ್‌ಹೋಫ್ ಮತ್ತು ಪೆನ್ಸಿಯೋನ್ ಎಂಬ ಊರ ವಸತಿಗೃಹಗಳು ಒಳ್ಳೆಯವು, ಬೆಳಗಿನ ತಿಂಡಿ ಸೇರಿರುತ್ತದೆ. ಒಬ್ಬರಿಗೆ, ಅದೂ ಒಂದೇ ರಾತ್ರಿಗೆ ಎಂದರೆ ಕೆಲವರು ಸ್ವಲ್ಪ ಹೆಚ್ಚು ಕೇಳುತ್ತಾರೆ. ಸೈಕಲ್ ಇಡಲು ಬೀಗದ ಕೊಠಡಿ ಇದೆಯೇ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ. ಹುಲ್ಲಿನಲ್ಲಿ ಕೂತೆದ್ದ ಸಂಜೆ ಮೈಮೇಲೆ ಉಣ್ಣಿ ಕಚ್ಚಿದೆಯೇ ನೋಡಿಕೊಳ್ಳಿ. ಆಸ್ಟ್ರಿಯಾದಲ್ಲಿ ಉಣ್ಣಿಯಿಂದ ಮಿದುಳಿನ ಉರಿಯೂತ ಹರಡುತ್ತದೆ, ಅದಕ್ಕೆ ಲಸಿಕೆಯೂ ಇದೆ. ಹೊರಡುವ ಕೆಲವು ತಿಂಗಳು ಮೊದಲೇ ವೈದ್ಯರನ್ನು ಕೇಳಿ.

ವಿಯೆನ್ನಾ ಹೊಕ್ಕ ಮೇಲೆ

ಕ್ಲೋಸ್ಟರ್‌ನೊಯ್‌ಬುರ್ಗ್ ದಾಟಿದರೆ ನಗರ ಬಂದಂತೆ. ಪೇಟೆಯ ನಡುವಿಗೆ ಹೋಗುವವರು ಡ್ಯಾನ್ಯೂಬ್ ಕಾಲುವೆಯ ದಾರಿ ಹಿಡಿಯಲಿ. ಅವಸರವಿಲ್ಲದವರು ಪ್ರವಾಹ ತಡೆಯಲು 1972ರಿಂದ 1988ರವರೆಗೆ ಕೆಲಸ ನಡೆಸಿ ನಿರ್ಮಿಸಿದ, 21 ಕಿ.ಮೀ. ಉದ್ದದ ಕೃತಕ ದ್ವೀಪದ ಮೇಲೆ ತುಳಿಯಲಿ, ಅಲ್ಲಿ ಮೋಟಾರು ವಾಹನಗಳ ಕಾಟವಿಲ್ಲ. ಕಾಲಿನಲ್ಲಿ ಇನ್ನೂ ಕಸುವಿದ್ದರೆ ಸ್ಲೊವಾಕಿಯಾದ ಬ್ರಾಟಿಸ್ಲಾವಾ ಇನ್ನೊಂದು ದಿನದ ಹಾದಿ, ಷೆಂಗೆನ್ ವೀಸಾ ಅಲ್ಲಿಗೂ ನಡೆಯುತ್ತದೆ. ಸೈಕಲನ್ನು ಹಿಂದಿರುಗಿಸುವ ಅಂಗಡಿಯ ಸಮಯವನ್ನು ಪಸ್ಸಾವ್‌ನಲ್ಲೇ ಬರೆಸಿಕೊಳ್ಳಿ. ಭಾನುವಾರ ವಿಯೆನ್ನಾ ತಲುಪುವ ಹಾಗಿದ್ದು ಸೋಮವಾರ ಬೆಳಿಗ್ಗೆಯೇ ವಿಮಾನ ಇದ್ದರೆ, ಶನಿವಾರವೇ ಒಪ್ಪಿಸುವಂತೆ ದಿನಗಳನ್ನು ಹೊಂದಿಸಿಕೊಳ್ಳಿ.