ಬೆತ್ತದ ಚೆಂಡಿನ ಆಟ: ಏಷ್ಯಾ ಕ್ರೀಡಾಕೂಟದಲ್ಲಿ ಸೆಪಕ್ ತಕ್ರಾ

ಚೆಂಡನ್ನು ಕೈಯಿಂದ ಎಸೆಯುವ, ಹಿಡಿಯುವ, ಬಡಿಯುವ ಆಟಗಳನ್ನು ನಮ್ಮ ಶಾಲೆಯ ಅಂಗಳದಲ್ಲಿ ಕಲಿತ ಪೂರ್ವ ವಿದ್ಯಾರ್ಥಿನಿಯರು ಅನೇಕರಿರುವರು. ಕೈ ತಗಲಿದರೆ ತಪ್ಪೆಂದು ಎಣಿಸಲ್ಪಡುವ, ಆದರೂ ಬಲೆಯ ಮೇಲಿನಿಂದಲೇ ಚೆಂಡನ್ನು ದಾಟಿಸಬೇಕಾದ ಒಂದು ಆಟವನ್ನು ಕುರಿತು ಈ ಸಂಚಿಕೆಯಲ್ಲಿ ಪಾಠರೂಪವಾಗಿ ಬರೆಯಲು ನಾವು ಇಚ್ಛಿಸಿದ್ದೇವೆ. ಇದಕ್ಕೆ ಸೆಪಕ್ ತಕ್ರಾ ಎಂದು ಹೆಸರು. ಸೆಪಕ್ ಎಂಬದು ಮಲಯ ಭಾಷೆಯ ಮಾತು. ಒದೆಯುವದು ಎಂದು ಅದರ ಅರ್ಥ. ತಕ್ರಾ ಎಂಬದು ಥಾಯಿ ಭಾಷೆಯದು. ಹೆಣೆದ ಚೆಂಡು ಎಂದರ್ಥ. 1960ರಲ್ಲಿ ಕೌಲಾಲಂಪುರದಲ್ಲಿ ಕೂಡಿದ ಆ ಪ್ರಾಂತಗಳ ಪ್ರತಿನಿಧಿಗಳು ನಿಯಮಗಳನ್ನು ಒಂದುಗೂಡಿಸುವಾಗ ಹೆಸರಿನ ವಿಷಯದಲ್ಲಿ ಯಾರೊಬ್ಬರನ್ನೂ ನೋಯಿಸದೆ ಎರಡು ಮಾತುಗಳನ್ನೂ ಜೋಡಿಸಿದರು.

ಈ ಆಟವು ಬಹು ಪುರಾತನವಾದದ್ದು. ಮಲಯ ರಾಜರ ವೃತ್ತಾಂತವನ್ನು ಹೇಳುವ 'ಸೆಜಾರಾ ಮೆಲಾಯು' ಎಂಬ ಗ್ರಂಥದಲ್ಲಿ ಇದರ ಕುರಿತು ಒಂದು ದುಃಖಕರವಾದ ಕಥೆಯುಂಟು. 15ನೆಯ ಶತಮಾನದಲ್ಲಿ ಮಲಾಕಾದ ಸುಲ್ತಾನ ಮನ್ಸೂರ್ ಷಾನ ಮಗನಾದ ರಾಜಾ ಮುಹಮ್ಮದನು ಕುದುರೆಯ ಮೇಲೆ ಹೋಗುತ್ತಿರುವಾಗ, ಬೀದಿಯಲ್ಲಿ ಆಡುತ್ತಿದ್ದ ಪ್ರಧಾನ ಮಂತ್ರಿಯ ಮಗ ತುನ್ ಬೆಸಾರನು ಒದೆದ ಚೆಂಡು ತಗಲಿ ರಾಜಕುಮಾರನ ತಲೆಯುಡುಗೆ ಕೆಳಕ್ಕೆ ಬಿದ್ದಿತು. ಅಷ್ಟಕ್ಕೇ ಅವನು ರೋಷದಿಂದ ಆ ಹುಡುಗನನ್ನು ಇರಿದು ಕೊಂದನು. ಮಂತ್ರಿಯ ಕಡೆಯವರು ಆಯುಧಗಳನ್ನು ಹಿಡಿದು ಎದ್ದರು. ಮಗನನ್ನು ಕಳಕೊಂಡ ತುನ್ ಪೆರಾಕನೇ ಅವರನ್ನು ತಡೆದನು. ಆದರೆ ಇಂಥವನನ್ನು ಒಡೆಯನೆಂದು ಒಪ್ಪಲಾರೆವೆಂದು ಹೇಳಿದನು. ಆದಕಾರಣ ರಾಜಕುಮಾರನು ಪಟ್ಟದ ಹಕ್ಕನ್ನು ಕಳಕೊಂಡು ಪಹಾಂಗ್ ಸೀಮೆಗೆ ಕಳುಹಿಸಲ್ಪಟ್ಟನು. ಆಟದಲ್ಲಿ ಸೋತ ದಿನ ಮುಖ ಕೆಂಪಗೆ ಮಾಡಿಕೊಳ್ಳುವ ಮಕ್ಕಳಿಗೆ ಈ ಕಥೆಯನ್ನು ನಾವು ಒಮ್ಮೊಮ್ಮೆ ಹೇಳುವದುಂಟು.

ಆ ಕಾಲದಲ್ಲಿ ಬಲೆಯಿರಲಿಲ್ಲ. ವೃತ್ತಾಕಾರವಾಗಿ ನಿಂತು ಚೆಂಡು ನೆಲಕ್ಕೆ ಬೀಳದಂತೆ ಒಬ್ಬರಿಂದೊಬ್ಬರಿಗೆ ದಾಟಿಸುವದೇ ಆಟವಾಗಿತ್ತು. ಮ್ಯಾನ್ಮಾರದಲ್ಲಿ ಚಿನ್ಲೋನ್ ಎಂಬ ಹೆಸರಿನಿಂದ ಆಡುವ ಇದರ ಸೋದರಿಯಾದ ಆಟದಲ್ಲಿ ಪೂರ್ವದಿಂದಲೂ ಗೆಲ್ಲುವವರಾಗಲಿ ಸೋಲುವವರಾಗಲಿ ಇರಲಿಲ್ಲ. ಬಲೆಯನ್ನು ಕಟ್ಟಿ ಎರಡು ಪಕ್ಷಗಳನ್ನು ಮಾಡಿದ ರೀತಿಯು 1940ರ ದಶಕದಲ್ಲಿ ಪಿನಾಂಗಿನಲ್ಲಿ ರೂಢಿಗೆ ಬಂತು. ಬ್ಯಾಡ್ಮಿಂಟನ್ ಅಂಕಣವೇ ಅದಕ್ಕೆ ಮಾದರಿಯಾದದ್ದರಿಂದ ಇಂದಿಗೂ ಅಂಕಣದ ಉದ್ದವು 13.4 ಮೀಟರ್, ಅಗಲವು 6.1 ಮೀಟರ್ ಇರುವದು. ಬಲೆಯ ಎತ್ತರವು ನಡುವೆ ಗಂಡಸರಿಗೆ 1.52 ಮೀಟರ್, ಹೆಂಗಸರಿಗೆ 1.42 ಮೀಟರ್. ಪೂರ್ವದಲ್ಲಿ ಬೆತ್ತದಿಂದ ಹೆಣೆಯುತ್ತಿದ್ದ ಚೆಂಡನ್ನು ಈಗ ಕೃತಕ ನಾರಿನಿಂದ ಹೆಣೆಯುತ್ತಾರೆ. ಅದರಲ್ಲಿ 12 ರಂಧ್ರಗಳಿರುತ್ತವೆ. ಹೆಂಗಸರ ಚೆಂಡು 150ರಿಂದ 160 ಗ್ರಾಂ ತೂಗುವದು. ಗಂಡಸರದು ಅದಕ್ಕಿಂತ ಸುಮಾರು 20 ಗ್ರಾಂ ಹೆಚ್ಚು.

ರೆಗು ಎಂಬ ಮುಖ್ಯ ಪ್ರಕಾರದಲ್ಲಿ ಒಂದೊಂದು ಪಕ್ಷಕ್ಕೆ ಮೂವರು ಆಡುವರು. ಹಿಂದುಗಡೆ ನಿಲ್ಲುವವಳಿಗೆ ತೆಕೋಂಗ್ ಎಂದು ಹೆಸರು; ಮಲಯ ಭಾಷೆಯಲ್ಲಿ ದೋಣಿಯ ನಾಯಕನಿಗೆ ಹೀಗೆನ್ನುತ್ತಾರೆ. ಮುಂದೆ ಎಡಬಲಗಳಲ್ಲಿ ಇಬ್ಬರು ನಿಲ್ಲುವರು. ಮುಂದಿನವರಲ್ಲೊಬ್ಬಳು ಚೆಂಡನ್ನು ಕೈಯಿಂದ ಎಸೆದುಕೊಡುವಳು. ತೆಕೋಂಗಳು 30 ಸೆಂಟಿಮೀಟರ್ ತ್ರಿಜ್ಯದ ಸಣ್ಣ ವೃತ್ತದಲ್ಲಿ ಒಂದು ಕಾಲನ್ನು ಊರಿ ಇನ್ನೊಂದು ಕಾಲನ್ನು ತಲೆಗಿಂತ ಮೇಲಕ್ಕೆತ್ತಿ ಅದನ್ನು ಬಲೆಯಾಚೆಗೆ ಒದೆಯುವಳು. ಈ ಎಸೆತವೊಂದನ್ನು ಬಿಟ್ಟರೆ ಆಟದಲ್ಲಿ ಕೈಗೆ ಕೆಲಸವಿಲ್ಲ. ಪಾದ, ಮೊಣಕಾಲು, ತೊಡೆ, ಎದೆ, ತಲೆ ಇವುಗಳೇ ಸಾಧನಗಳು. ಮೂರು ಸ್ಪರ್ಶಗಳೊಳಗೆ ಚೆಂಡು ಆಚೆಗೆ ಹೋಗತಕ್ಕದ್ದು. ಆ ಮೂರನ್ನೂ ಒಬ್ಬಳೇ ಮಾಡಿದರೂ ತಪ್ಪಿಲ್ಲ. ಹೊಡೆಯುವವಳು ಗಾಳಿಯಲ್ಲಿ ಲಾಗ ಹಾಕಿ, ಬೆನ್ನನ್ನು ಬಲೆಯ ಕಡೆಗೆ ಮಾಡಿ ಚೆಂಡನ್ನು ಕೆಳಕ್ಕೆ ಒದೆದು, ಪುನಃ ಕಾಲ ಮೇಲೆಯೇ ಇಳಿಯುವದನ್ನು ಕಂಡವರು ಬೆರಗಾಗುವರು. ನಮ್ಮ ಮೆಚ್ಚಿಕೆಯಾದರೋ ಚೆಂಡನ್ನು ಅವಳಿಗೆ ಎತ್ತಿಕೊಡುವವಳ ಮೇಲೆ ಹೆಚ್ಚು. ಎದುರು ಪಕ್ಷದವರು ರಭಸದಿಂದ ಕಳುಹಿಸಿದ ಚೆಂಡನ್ನು ಪಾದದ ಒಳಮಗ್ಗುಲಿನಿಂದ ಮೆದುವಾಗಿ, ಬೇಕಾದಷ್ಟೇ ಎತ್ತರಕ್ಕೆ, ಬಲೆಯ ಹತ್ತಿರಕ್ಕೆ ಎಬ್ಬಿಸಿ ನಿಲ್ಲಿಸುವವಳು ಅವಳೇ. ಚಪ್ಪಾಳೆಯು ಅವಳಿಗೆ ಸಿಕ್ಕುವದು ಅಪರೂಪ. ಒಂದೇ ದೇಹದ ಅನೇಕ ಅಂಗಗಳನ್ನು ಕುರಿತು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದದ್ದನ್ನು ಬೋಧಿಸುವಾಗ ಈ ಮೂವರು ನಮ್ಮ ನೆನಪಿಗೆ ಬರುವರು.

ಏಷ್ಯಾ ಕ್ರೀಡಾಕೂಟದಲ್ಲಿ ಈ ಆಟಕ್ಕೆ ಪದಕದ ಸ್ಥಾನವು ದೊರೆತದ್ದು 1990ರ ಬೀಜಿಂಗ್ ಕೂಟದಲ್ಲಿ. ಆಗ ಗಂಡಸರು ಮಾತ್ರ ಆಡಿದರು. ಹೆಂಗಸರ ಸ್ಪರ್ಧೆಯು 1998ರ ಬ್ಯಾಂಕಾಕ್ ಕೂಟದಲ್ಲಿ ಸೇರಿತು. ಎಂಟು ವರ್ಷ ಕಾಯಬೇಕಾಯಿತೆಂಬದನ್ನು ಓದುವಾಗ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ಮೊದಲು ಮಲೇಷ್ಯದವರು ಮುಂದಿದ್ದರು. ಬಳಿಕ ಥಾಯ್ಲೆಂಡಿನವರನ್ನು ಮೀರಿಸುವದು ಇತರರಿಗೆ ಬಹಳ ಕಷ್ಟವಾಗಿದೆ.

ಭಾರತಕ್ಕೆ ಮೊದಲ ಪದಕವು 2018ರಲ್ಲಿ ಇಂಡೊನೇಷ್ಯದಲ್ಲಿ ನಡೆದ ಕೂಟದಲ್ಲಿ ಬಂತು. ಗಂಡಸರ ತಂಡಕ್ಕೆ ಕಂಚು. ಆ ತಂಡದ ಹರೀಶ್ ಕುಮಾರನು ದೆಹಲಿಯಲ್ಲಿ ತನ್ನ ತಂದೆಯ ಚಹದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು. ಪದಕದೊಂದಿಗೆ ಹಿಂತಿರುಗಿದ ಮೇಲೆ ಮತ್ತೆ ಅದೇ ಅಂಗಡಿಯಲ್ಲಿ ಚಹ ಕೊಡುತ್ತಿದ್ದನೆಂದು ಪತ್ರಿಕೆಗಳು ಬರೆದವು. ಹೆಂಗಸರ ಸರದಿಯು ಚೀನದ ಹಾಂಗ್‌ಝೌ ಕೂಟದಲ್ಲಿ ಬಂತು. 2022ರ ಕೂಟವೆಂದು ಹೆಸರಾದರೂ ಕೊರೋನ ವ್ಯಾಧಿಯ ದೆಸೆಯಿಂದ ಅದು 2023ರಲ್ಲಿ ನಡೆಯಿತು. ಮೈಪಕ್ ದೇವಿ, ಚಾವೊಬಾ ದೇವಿ, ಪ್ರಿಯಾ ದೇವಿ, ಲೈರೆಂತೊನ್ಬಿ ದೇವಿ, ಖುಷ್ಬೂ ಎಂಬ ಐವರು ರೆಗು ಸ್ಪರ್ಧೆಯಲ್ಲಿ ಉಪಾಂತ್ಯದ ವರೆಗೆ ಏರಿದರು. ಅಕ್ಟೋಬರ್ 6ರಂದು ಥಾಯ್ಲೆಂಡಿನವರು ಅವರನ್ನು 21-10, 21-13 ಅಂಕಗಳಿಂದ ಸೋಲಿಸಿದರು. ಉಪಾಂತ್ಯದಲ್ಲಿ ಸೋತ ಎರಡು ತಂಡಗಳಿಗೂ ಕಂಚು ಸಲ್ಲುವದರಿಂದ, ಈ ಆಟದಲ್ಲಿ ಭಾರತದ ಹೆಂಗಸರಿಗೆ ಏಷ್ಯಾ ಕೂಟದ ಪ್ರಥಮ ಪದಕವು ದೊರಕಿತು.

ಅಂಕಗಳನ್ನು ಮಾತ್ರ ನೋಡುವವರು ಇದೊಂದು ದೊಡ್ಡ ಸೋಲೆನ್ನಬಹುದು. ಆದರೆ ದೇವಿ ಎಂಬ ಹೆಸರಿನ ಆ ನಾಲ್ವರು ಮಣಿಪುರದವರು. ಅದೇ ವರ್ಷದ ಮೇ ತಿಂಗಳಲ್ಲಿ ಮಣಿಪುರದಲ್ಲಿ ಜನಾಂಗಗಳೊಳಗೆ ಕಲಹವೆದ್ದು, ಊರುಗಳು ಸುಡಲ್ಪಟ್ಟು, ಸಾವಿರಾರು ಮಂದಿ ಶಿಬಿರಗಳನ್ನು ಸೇರಿದ್ದರು. ದೇವಾಲಯಗಳೂ ಕ್ರೈಸ್ತ ಸಭೆಗಳ ಆಲಯಗಳೂ ಉರಿದವು. ತಿಂಗಳುಗಟ್ಟಲೆ ಇಂಟರ್‌ನೆಟ್ ಸಹ ಇರಲಿಲ್ಲ. ಅಂಥಾ ವರ್ಷದಲ್ಲಿ ಆ ನಾಡಿನ ಹೆಣ್ಣುಮಕ್ಕಳು ಪರದೇಶದ ಅಂಕಣದಲ್ಲಿ ನಿಂತು ಚೆಂಡಿನ ಮೇಲೆ ಕಣ್ಣಿಟ್ಟು ಆಡಿದರೆಂಬದನ್ನು ನಾವು ಪ್ರಾತಃಕಾಲದ ಪ್ರಾರ್ಥನೆಯ ವೇಳೆಯಲ್ಲಿ ಮಕ್ಕಳಿಗೆ ತಿಳಿಸಿದೆವು. ಆ ದಿನ ಎರಡೂ ಜನಾಂಗಗಳಿಗಾಗಿ ಪ್ರಾರ್ಥಿಸಿದೆವು.

ಇಲ್ಲಿ ತಂದೆತಾಯಿಗಳೊಡನೆ ಒಂದು ಮಾತನ್ನು ಆಡಬೇಕಾಗಿದೆ. ಹತ್ತನೆಯ ತರಗತಿಗೆ ಬಂದೊಡನೆ ಹುಡುಗಿಯನ್ನು ಆಟದಿಂದ ಬಿಡಿಸಿರೆಂದು ಪ್ರತಿ ವರ್ಷವೂ ನಮಗೆ ಪತ್ರಗಳು ಬರುತ್ತವೆ. ಪರೀಕ್ಷೆಯ ಭಯವನ್ನು ನಾವು ಬಲ್ಲೆವು. ಆದರೆ ಕೆಲವು ಪತ್ರಗಳಲ್ಲಿ ಪರೀಕ್ಷೆಯು ನೆಪ ಮಾತ್ರ. ಬೆಳೆದ ಹುಡುಗಿ ಕಾಲೆತ್ತಿ ಹಾರುವದು ನಾಲ್ಕು ಜನರ ಕಣ್ಣಿಗೆ ಹೇಗೆ ಕಂಡೀತೆಂಬದೇ ನಿಜವಾದ ಚಿಂತೆ. ಕಳೆದ ವರ್ಷ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದ ಒಬ್ಬಳನ್ನು ಹೀಗೆ ಬಿಡಿಸಲಾಯಿತು. ಅವಳು ಆಟದ ವೇಳೆಯಲ್ಲಿ ಗ್ರಂಥಾಲಯದ ಕಿಟಕಿಯ ಬಳಿ ಕುಳಿತಿರುತ್ತಿದ್ದಳು. ಅವಳ ಪುಸ್ತಕದ ಪುಟವು ತಿರುವಲ್ಪಟ್ಟದ್ದನ್ನು ನಾವು ಕಾಣಲಿಲ್ಲ. ಅವಳ ಅಂಕಗಳೂ ಹೆಚ್ಚಲಿಲ್ಲ. ಆಗ ನಾವು ಅವಳ ತಂದೆಯವರಿಗೆ ಮರಳಿ ಬರೆಯಬೇಕಾಗಿತ್ತು, ಬರೆಯಲಿಲ್ಲ. ಅದು ನಮ್ಮ ತಪ್ಪು.

ಈ ಆಟಕ್ಕೆ ಹೊಸ ಮೈದಾನವು ಬೇಕಾಗಿಲ್ಲ. ನಮ್ಮ ಬ್ಯಾಡ್ಮಿಂಟನ್ ಅಂಕಣದ ಬಲೆಯನ್ನು ಹತ್ತು ಸೆಂಟಿಮೀಟರಿನಷ್ಟು ಇಳಿಸಿದರೆ ಸಾಕು. ಲಾಗದ ಒದೆತವನ್ನು ಯಾರಿಗೂ ಕಲಿಸುವದಿಲ್ಲ. ಮೊದಲು ವೃತ್ತದಲ್ಲಿ ನಿಂತು ಚೆಂಡನ್ನು ನೆಲಕ್ಕೆ ಬೀಳಿಸದಿರುವದನ್ನು ಕಲಿಯಲಿ. ವ್ಯಾಯಾಮದ ಉಪಾಧ್ಯಾಯಿನಿಯವರು ಎರಡು ಚೆಂಡುಗಳನ್ನು ತರಿಸಿದ್ದಾರೆ. ಜೂನ್ ತಿಂಗಳಿಂದ ಶನಿವಾರಗಳಂದು ಅಭ್ಯಾಸವು ನಡೆಯುವದು. ಹತ್ತನೆಯ ತರಗತಿಯವರೂ ಸೇರಬಹುದು. ಆಕ್ಷೇಪವುಳ್ಳ ತಂದೆತಾಯಿಗಳು ಪತ್ರ ಬರೆಯುವ ಮುನ್ನ ಒಂದು ಶನಿವಾರ ಬಂದು ನೋಡಬೇಕೆಂದು ಬೇಡಿಕೊಳ್ಳುತ್ತೇವೆ. ಅಂಕಣದ ಬದಿಯ ನೆರಳಿನಲ್ಲಿ ಬೆಂಚುಗಳನ್ನು ಹಾಕಿಸಿದ್ದೇವೆ.